ಕಾಮಾಲೆಗೆ ಮೊದಲು ಇಆರ್‌ಸಿಪಿ, ಆಮೇಲೆ ಆಪರೇಷನ್ ಅಂತಾರೆ. ಎರಡೆರಡು ಯಾಕೆ?

ಪ್ರಶ್ನೆ:
ಅಪ್ಪನಿಗೆ ಕಾಮಾಲೆ. ಮೂತ್ರ ಕಡು ಹಳದಿ, ಮಲ ಮಾತ್ರ ಜೇಡಿಮಣ್ಣಿನ ಹಾಗೆ ಬಿಳಚಿಕೊಂಡಿದೆ. ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಾರೆ. ಬಿಲಿರುಬಿನ್ (ರಕ್ತದಲ್ಲಿನ ಹಳದಿ ಅಂಶ) 12, ಅದರಲ್ಲಿ ಡೈರೆಕ್ಟ್ (ಲಿವರ್ ಸಂಸ್ಕರಿಸಿದ ಭಾಗ) 9. ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶದ ತುಂಬ ಕಲ್ಲು, ಪಿತ್ತನಾಳ 11 ಮಿ.ಮೀ. ನಾಳದ ಕೆಳತುದಿ ಗ್ಯಾಸ್‌ನಿಂದ ಕಾಣಲಿಲ್ಲ ಅಂತ ಬರೆದಿದ್ದಾರೆ. ಈಗ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್), ಆಮೇಲೆ ಇಆರ್‌ಸಿಪಿ (ಎಂಡೋಸ್ಕೋಪ್‌ನಿಂದ ನಾಳ ಬಿಡಿಸೋದು), ಆಮೇಲೆ ಪಿತ್ತಕೋಶ ತೆಗೆಯೋದು ಅಂತಾರೆ. ಒಂದೇ ಸಲ ಆಪರೇಷನ್ ಮಾಡಿ ಮುಗಿಸಬಾರದಾ?

ಉತ್ತರ 1:
ನಾನು ಸರ್ಜನ್. ಮುಗಿಸಬಹುದು. ಲ್ಯಾಪರೋಸ್ಕೋಪಿಯಲ್ಲೇ ನಾಳದ ಕಲ್ಲನ್ನೂ ತೆಗೆಯುವವರಿದ್ದಾರೆ, ಆದರೆ ಅದಕ್ಕೆ ಪಳಗಿದ ಕೈ ಬೇಕು. ಅದಕ್ಕಿಂತ ಮೊದಲು, ಅಡ್ಡ ಕೂತಿರುವುದು ಕಲ್ಲೇನಾ ಅಂತ ಗೊತ್ತಾಗಬೇಕಲ್ವಾ? ಪಿತ್ತಕೋಶದಲ್ಲಿ ಕಲ್ಲಿದೆ ಅಂದ ಮಾತ್ರಕ್ಕೆ ನಾಳದಲ್ಲೂ ಕಲ್ಲೇ ಇರಬೇಕೆಂದಿಲ್ಲ.

ನಾನಂತೂ ರಿಪೋರ್ಟ್ ನೋಡುವ ಮೊದಲು ಬಲ ಪಕ್ಕೆಲುಬಿನ ಕೆಳಗೆ ಕೈ ಇಡುತ್ತೇನೆ. ನೋವಿಲ್ಲದೆ ಏರುತ್ತಿರುವ ಕಾಮಾಲೆ, ಕೈಗೆ ನುಣ್ಣಗೆ ಸಿಗುವ ಉಬ್ಬಿದ ಪಿತ್ತಕೋಶ: ಇವೆರಡೂ ಸೇರಿದರೆ ಕಲ್ಲಿಗಿಂತ ಮೇದೋಜೀರಕ ಗ್ರಂಥಿಯ ತಲೆಭಾಗದ ಗಡ್ಡೆಯ ಮೇಲೆ ಅನುಮಾನ ಜಾಸ್ತಿ. ವರ್ಷಗಟ್ಟಲೆ ಕಲ್ಲು ಹೊತ್ತ ಪಿತ್ತಕೋಶ ಸಾಮಾನ್ಯವಾಗಿ ದಪ್ಪಗಾಗಿ ಮುದುಡಿರುತ್ತದೆ, ಉಬ್ಬುವುದು ಕಡಿಮೆ. ಸ್ವಿಸ್ ಸರ್ಜನ್ ಕೂರ್ವಾಸಿಯೆ 1890ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಅಂಥ ಅನುಮಾನವಿದ್ದರೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಕೊಳವೆ) ಹಾಕುವ ಮೊದಲೇ ಸಿಟಿ ಮಾಡಿಸಿ. ಸ್ಟೆಂಟ್ ಒಳಗೆ ಹೋದ ಮೇಲೆ ಆ ಜಾಗ ಊದಿಕೊಂಡು ಚಿತ್ರ ಕಲಸಿಹೋಗುತ್ತದೆ. ಗಡ್ಡೆಯೇ ಆಗಿದ್ದು, ಸೋಂಕಿಲ್ಲದೆ, ಆಪರೇಷನ್ ಬೇಗ ಆಗುವಂತಿದ್ದರೆ ಎಲ್ಲರಿಗೂ ಸ್ಟೆಂಟ್ ಬೇಕಿಲ್ಲ. 2010ರ ಡಚ್ ಅಧ್ಯಯನದಲ್ಲಿ ಮೊದಲು ಸ್ಟೆಂಟ್ ಹಾಕಿಸಿಕೊಂಡವರಿಗೇ ತೊಂದರೆ ಜಾಸ್ತಿಯಾಯಿತು.

ಕಲ್ಲೇ ಆದರೆ ನಿಮ್ಮ ಡಾಕ್ಟರ್ ಹೇಳಿದ ದಾರಿ ಸರಿ. ಇಆರ್‌ಸಿಪಿಯಲ್ಲಿ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ನಾಳ ಕರುಳಿಗೆ ತೆರೆಯುವ ಬಾಯನ್ನು ಚೂರು ಕೊಯ್ದು, ಬಲೂನಿನಿಂದ ಕಲ್ಲನ್ನು ಎಳೆದು ಕರುಳಿಗೆ ಬೀಳಿಸುತ್ತಾರೆ. ಆದರೆ ಕಲ್ಲಿನ ಗೋದಾಮಾದ ಪಿತ್ತಕೋಶ ಮೇಲೆ ಹಾಗೇ ಇರುತ್ತದೆ. ಅದನ್ನು ಬೇಗ ತೆಗೆಸದಿದ್ದರೆ ಇನ್ನೊಂದು ಜಾರುತ್ತದೆ. ಇಆರ್‌ಸಿಪಿ ಆದಮೇಲೆ ಕೆಲವರಿಗೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಬರುತ್ತದೆ, ಹಾಗಾಗಿ ಸುಮ್ನೆ "ನೋಡಿಬಿಡೋಣ" ಅಂತ ಅದನ್ನು ಮಾಡುವುದಿಲ್ಲ. ನೋಡುವುದಕ್ಕೆ ಎಂಆರ್‌ಸಿಪಿ ಸಾಕು.

ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಪರೀಕ್ಷೆ) ಎಷ್ಟಿದೆ ಕೇಳಿ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಇಂಜೆಕ್ಷನ್ ಕೊಟ್ಟು ಸರಿಮಾಡಿಯೇ ಕೊಯ್ಯಬೇಕು.

ಉತ್ತರ 2:
ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಚಳಿ ನಡುಗಿ ಜ್ವರ ಬಂದರೆ ಎಂಆರ್‌ಸಿಪಿ ತಾರೀಖಿಗೆ ಕಾಯಬೇಡಿ, ರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಿ. ಕಟ್ಟಿದ ನಾಳದಲ್ಲಿ ಕೀವಾದರೆ ಬಿಪಿ ಗಂಟೆಗಳಲ್ಲಿ ಕುಸಿಯುತ್ತದೆ. ಮಾತು ತೊದಲಿದರೂ ಅಷ್ಟೇ.

ಪ್ರಶ್ನೆ ಕೇಳಿದವರು:
ಜ್ವರ ಇಲ್ಲ. ಐಎನ್‌ಆರ್ 1.8 ಅಂತೆ, ಇಂಜೆಕ್ಷನ್ ಶುರು ಮಾಡಿದ್ದಾರೆ. ಎಂಆರ್‌ಸಿಪಿಯಲ್ಲಿ ಕಲ್ಲು ಅಂತಲೇ ಬಂತು. ಪೂರ್ತಿ ತೆಗೆಯಲಾಗದಿದ್ದರೆ ಪ್ಲಾಸ್ಟಿಕ್ ಸ್ಟೆಂಟ್ ಹಾಕ್ತಾರಂತೆ. ಅದು ಒಳಗೇ ಇರತ್ತಾ?

ಉತ್ತರ 1:
ಇಲ್ಲ. ಸುಮಾರು 3 ತಿಂಗಳಲ್ಲಿ ಅದೂ ಕಟ್ಟಿಕೊಳ್ಳುತ್ತದೆ. ತೆಗೆಯುವ ತಾರೀಖನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ, ನಿಮ್ಮ ಫೋನಲ್ಲೂ ಹಾಕಿಕೊಳ್ಳಿ. ಕಾಮಾಲೆ ಇಳಿದು ಆರಾಮಾದ ಮೇಲೆ ಸ್ಟೆಂಟ್ ಮರೆತು, ಜ್ವರ ಹೊತ್ತು ಬರುವವರನ್ನು ಈಗಲೂ ನೋಡುತ್ತಿರುತ್ತೇನೆ.