ಅನುಭವ ಹೇಳಿ: ಮಗಳಿಗೆ ಅನುಪಾತ, ಅಡಿ-ಮೀಟರ್ ಲೆಕ್ಕ ತಲೆಗೆ ಹತ್ತುತ್ತಿಲ್ಲ

ದಾವಣಗೆರೆ ಅಮ್ಮ: ಮಗಳು ಏಳನೇ ಕ್ಲಾಸು. ಭಿನ್ನರಾಶಿ ಚೆನ್ನಾಗಿ ಮಾಡುತ್ತಾಳೆ. ಅನುಪಾತ, ಒಂದರ ಬೆಲೆ, ಅಡಿಯಿಂದ ಮೀಟರ್ ಅಂತ ಬಂದರೆ ಮಾತ್ರ ಎಲ್ಲಿ ಗುಣಿಸಬೇಕು ಎಲ್ಲಿ ಭಾಗಿಸಬೇಕು ಗೊತ್ತಾಗದೆ ಅಳುತ್ತಾಳೆ. ಟ್ಯೂಷನ್‌ಗೆ ಹಾಕಲಾ, ಮನೆಯಲ್ಲೇ ಹೇಳಿಕೊಡಲಾ?

ಹೊಳಲ್ಕೆರೆ ರೈತ: ನನ್ನ ಕತೆ ಕೇಳಿ. ಬೋರಿನಿಂದ ತೊಟ್ಟಿಗೆ ಸಾವಿರ ಅಡಿ ಪೈಪ್ ಬೇಕಿತ್ತು. ಅಂಗಡಿಯವನು "ಲೆಂತ್ ಇಪ್ಪತ್ತು ಅಡಿ, ಐವತ್ತು ಸಾಕು, ಅಡಿಗೆ 27 ಬೀಳುತ್ತೆ" ಅಂದ. ಜೋಡಿಸುತ್ತಾ ಹೋದರೆ ತೊಟ್ಟಿ ಇನ್ನೂ ಹದಿನಾರು ಅಡಿ ದೂರ ಇರುವಾಗಲೇ ಪೈಪ್ ಖಾಲಿ! ಆ ಪೈಪ್ ಬರೋದು 6 ಮೀಟರ್. ಅಂದರೆ 19.69 ಅಡಿ. ಒಂದರಲ್ಲಿ ಸುಮಾರು ನಾಲ್ಕು ಇಂಚು ಕಮ್ಮಿ, ಐವತ್ತರಲ್ಲಿ ಹದಿನಾರು ಅಡಿ. ಇನ್ನೊಂದು ಪೈಪಿಗೆ 540, ಅದೊಂದನ್ನೇ ತರಲು ಆಟೋಗೆ 700, ಸುಮ್ನೆ ಕೂತ ಇಬ್ಬರು ಆಳುಗಳಿಗೆ 600, ಅಷ್ಟರಲ್ಲಿ ಗಟ್ಟಿಯಾದ, ಪೈಪ್ ಅಂಟಿಸುವ ಸಲ್ಯೂಷನ್ ಡಬ್ಬಿಗೆ 180. ಒಟ್ಟು 2,020 ರೂಪಾಯಿ ಹೋಯಿತು. ನನ್ನ ಮಗ ಅಲ್ಲೇ ಚೀಲದ ಮೇಲೆ ಕೂತು 540 ಅನ್ನು 19.69ರಿಂದ ಭಾಗಿಸಿ, ಅಡಿಗೆ 27.43 ಬಿತ್ತು ಅಂತ ತೋರಿಸಿದ. ಯಾವ ಟ್ಯೂಷನ್ನೂ ಬೇಕಾಗಲಿಲ್ಲ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ: 540 ನಷ್ಟವಲ್ಲ. ಸಾವಿರ ಅಡಿಗೆ 51 ಪೈಪ್ ಬೇಕೇ ಬೇಕಿತ್ತು. ನಿಮ್ಮ ನಷ್ಟ 1,480.

ಈಗ ಲೆಕ್ಕದ ಮಾತು. ನಾನು ಪಾಠ ಮಾಡಿದಷ್ಟು ವರ್ಷವೂ ಕೋಷ್ಟಕ ಬಾಯಿಪಾಠ ಮಾಡಿಸಲಿಲ್ಲ. ಸಂಖ್ಯೆಯ ಪಕ್ಕ ಅಳತೆಯ ಹೆಸರು ಬರೆಯದೆ ಒಂದು ಹೆಜ್ಜೆಯೂ ಮುಂದೆ ಬಿಡುತ್ತಿರಲಿಲ್ಲ. 250 ಸೆಂ.ಮೀ. ಬರೆ. ಅದನ್ನು ಒಂದು ಭಿನ್ನರಾಶಿಯಿಂದ ಗುಣಿಸು: ಮೇಲೆ 1 ಮೀ., ಕೆಳಗೆ 100 ಸೆಂ.ಮೀ. ಸೆಂ.ಮೀ.ಗೆ ಸೆಂ.ಮೀ. ಹೊಡೆದು ಹೋಯಿತು, ಮೀಟರ್ ಉಳಿಯಿತು, ಉತ್ತರ 2.5. ತಲೆಕೆಳಗು ಬರೆದರೆ ಸೆಂ.ಮೀ. ಹೋಗೋದೇ ಇಲ್ಲ, ತಪ್ಪು ಅಂತ ಮಗುವಿಗೇ ಕಾಣುತ್ತದೆ. ಅನುಪಾತದಲ್ಲೂ ಅಷ್ಟೇ. 50 ಸೆಂ.ಮೀ.ಗೂ 2 ಮೀಟರಿಗೂ ಅನುಪಾತ 25:1 ಅಂತ ಬರೆದುಬಿಡುತ್ತಾರೆ. ಎರಡನ್ನೂ ಸೆಂ.ಮೀ. ಮಾಡಿದರೆ 50:200, ಅಂದರೆ 1:4. ಅಡಿಗೆ ಒಂದೇ ಸಂಖ್ಯೆ ನೆನಪಿದ್ದರೆ ಸಾಕು. 1959ರಿಂದ ಇಂಚು ಅಂದರೆ ಸರಿಯಾಗಿ 2.54 ಸೆಂ.ಮೀ. ಹನ್ನೆರಡರಿಂದ ಗುಣಿಸಿದರೆ ಅಡಿಗೆ 30.48.

ಹೊಳಲ್ಕೆರೆ ರೈತ: ಮೇಷ್ಟ್ರೇ, ದುಡ್ಡು ನನ್ನ ಜೇಬಿನಿಂದ ಹೋಗಿದ್ದು. ನಷ್ಟ ಎಷ್ಟು ಅಂತ ನೀವು ಹೇಳಬೇಡಿ.

ಹರಿಹರ, ಇಬ್ಬರು ಮಕ್ಕಳ ತಾಯಿ: ನಾವು ಟ್ಯೂಷನ್‌ಗೆ ಹಾಕಿದೆವು, ವರ್ಷಕ್ಕೆ 9,000. ದೊಡ್ಡದರಿಂದ ಚಿಕ್ಕದಕ್ಕೆ ಗುಣಿಸು, ಚಿಕ್ಕದರಿಂದ ದೊಡ್ಡದಕ್ಕೆ ಭಾಗಿಸು ಅಂತ ಒಂದೇ ಸೂತ್ರ ಕೊಟ್ಟರು. ದೊಡ್ಡವನಿಗೆ 25ಕ್ಕೆ 24 ಬಂತು. ರಾತ್ರಿ ಎಂಟಕ್ಕೆ ಕೆಲಸದಿಂದ ಬಂದು ಅಡುಗೆಗೆ ನಿಲ್ಲೋರು ಅಳತೆಯ ಹೆಸರು ಬರೆಸುತ್ತಾ ಕೂರೋಕಾಗುತ್ತಾ?

ಚಳ್ಳಕೆರೆ ಅಪ್ಪ: ಅದೇ ಸೂತ್ರಕ್ಕೆ ನಾನೂ ಫೀಸು ಕಟ್ಟಿದ್ದೆ. ಮಗಳು 5 ಅಡಿ 6 ಇಂಚನ್ನು 5.6 ಅಡಿ ಅಂತ ಬರೆದಳು, ಟ್ಯೂಷನ್‌ನವರು ರೈಟ್ ಹಾಕಿ ಕಳಿಸಿದರು! ಆರು ಇಂಚು ಅರ್ಧ ಅಡಿ ಅಲ್ವಾ, 5.5 ಆಗಬೇಕು. ಸೆಂ.ಮೀ.ಗೆ ತಂದರೆ 167.64 ಆಗಬೇಕಾದದ್ದು 170.69 ಆಯಿತು. ಇಂಚು ಹತ್ತರ ಲೆಕ್ಕದಲ್ಲಿ ನಡೆಯೋದಿಲ್ಲ ಅಂತ ಆ ಸೂತ್ರ ಎಲ್ಲಿ ಹೇಳುತ್ತೆ? ಕಟ್ಟಿದ ದುಡ್ಡು ವಾಪಸ್ ಕೊಡಲಿಲ್ಲ, ಅರ್ಧ ವರ್ಷಕ್ಕೇ ಬಿಡಿಸಿದೆ.

ಹರಿಹರ, ಇಬ್ಬರು ಮಕ್ಕಳ ತಾಯಿ: ನಿಮ್ಮ ಟ್ಯೂಷನ್ ಕೆಟ್ಟದಿದ್ದರೆ ಎಲ್ಲರದ್ದೂ ಕೆಟ್ಟದಾ? ನನ್ನ ಮಗನ ಮಾರ್ಕ್ಸ್ ಸುಳ್ಳಾ?

ಚನ್ನಗಿರಿ ಅಡಿಕೆ: ಪೈಪಿನ ಮಾತು ಓದಿ ನನ್ನ ಹೊಟ್ಟೆ ಉರಿಯಿತು. ನಮ್ಮಲ್ಲಿ ಸಸಿಗೆ ಸಸಿ 9 ಅಡಿ. ಎಕರೆ 43,560 ಚದರಡಿ, ಒಂದು ಸಸಿಗೆ 9×9, ಅಂದರೆ 81ರಿಂದ ಭಾಗಿಸಿದರೆ 537. ನರ್ಸರಿಯವರು ಪುಸ್ತಕ ನೋಡಿ 2.7 ಮೀಟರ್ ಹಿಡಿದು 555 ಸಸಿ ಇಳಿಸಿ ದುಡ್ಡು ತಗೊಂಡು ಹೋದರು. 9 ಅಡಿ ಅಂದರೆ 2.743 ಮೀಟರ್. ನಾಲ್ಕು ಸೆಂ.ಮೀ. ವ್ಯತ್ಯಾಸಕ್ಕೆ 18 ಸಸಿ ಜಾಸ್ತಿ. ಉದ್ದದಲ್ಲೂ ಅಗಲದಲ್ಲೂ ಸೇರಿ ಬೆಳೆಯುತ್ತೆ ಅದು.

ಹೊಳಲ್ಕೆರೆ ರೈತ: 537 ಎಲ್ಲ ಎಕರೆಯಲ್ಲೂ ಕೂರೋದಿಲ್ಲ. ನನ್ನದು 198 ಅಡಿಗೆ 220 ಅಡಿ, ಪೂರ್ತಿ ಎಕರೆ.

ಚನ್ನಗಿರಿ ಅಡಿಕೆ: ಲೆಕ್ಕ ಲೆಕ್ಕಾನೇ ಅಲ್ವಾ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ: ಈ ಸಲ ರೈತರು ಹೇಳಿದ್ದು ಸರಿ. ಬದುವಿನಿಂದ ನಾಲ್ಕೂವರೆ ಅಡಿ ಬಿಟ್ಟು ಶುರು ಮಾಡಿ. 198ರಲ್ಲಿ 22 ಸಸಿ, 220ರಲ್ಲಿ 24, ಒಟ್ಟು 528. ಅರ್ಧ ಸಸಿ ನೆಡೋಕಾಗಲ್ಲ. 2.7 ಮೀಟರ್ ಹಿಡಿದರೂ 60.35 ಮೀಟರಿಗೆ 22, 67.06 ಮೀಟರಿಗೆ 24, ಅದೇ 528. ಅಡಿಕೆಯವರೇ, ನಿಮ್ಮ ಎಕರೆಯೂ ಇದೇ ಅಳತೆಯದಾದರೆ ನರ್ಸರಿಯವರ ಹತ್ತಿರ 18 ಅಲ್ಲ, 27 ಸಸಿಯ ದುಡ್ಡು ಕೇಳಿ.