ಹಕ್ಕುಪತ್ರದ ನಕ್ಷೆಯಲ್ಲಿ ನಮ್ಮ ದೇವರ ಜಾಗಗಳನ್ನೆಲ್ಲ ಗುರುತು ಹಾಕಲೇಬೇಕಾ?

ಪೋಡಿನ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರವನು. ಮೈಸೂರಲ್ಲಿ ಕೆಲಸಕ್ಕಿದ್ದೆ, ಈಗ ಊರಲ್ಲೇ ಇದ್ದೇನೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯದ ಹಕ್ಕಿಗೆ ಅರ್ಜಿ ಹಾಕಲು ನಮ್ಮ ಪೋಡಿನವರು (ಪೋಡು ಅಂದರೆ ನಮ್ಮ ಸೋಲಿಗರ ಹಾಡಿ) ಓಡಾಡುತ್ತಿದ್ದೇವೆ. 2011ರಲ್ಲಿ ನಮ್ಮ ಬೆಟ್ಟದ 25 ಪೋಡುಗಳಿಗೆ ಹಕ್ಕುಪತ್ರ ಸಿಕ್ಕಿತ್ತಲ್ವಾ, ಆ ಪಟ್ಟಿಯಲ್ಲಿ ನಾವಿರಲಿಲ್ಲ.

ಅರ್ಜಿ ಜೊತೆ ನಕ್ಷೆ ಕೊಡಬೇಕು. ತಕರಾರು ಶುರುವಾಗಿದ್ದೇ ಅಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಕುಲಕ್ಕೊಂದು ಎಲ್ಲೆ ಇರುತ್ತದೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಈ ಐದು ಬಗೆಯ ಜಾಗಗಳೂ ಸೇರಿದರೆ ಒಂದು ಎಲ್ಲೆ. ಕಲ್ಲುಗುಡಿಯಲ್ಲಿ ನಮ್ಮ ಹಿರಿಯರ ಕಲ್ಲುಗಳಿವೆ. ಅಬ್ಬಿ ನೀರಿನ ಜಾಗ. 1974ರಲ್ಲಿ ಅಭಯಾರಣ್ಯ ಆಯಿತು. ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು, ಒಳಗಿದ್ದವರೆಲ್ಲ ರಸ್ತೆ ಬದಿಗೆ, ಕಾಡಂಚಿಗೆ ಬಂದರು. ಕಲ್ಲುಗಳು ಒಳಗೇ ಉಳಿದವು.

ಹೋದ ತಿಂಗಳು ತಾತನನ್ನು ಕರೆದುಕೊಂಡು ನಾವು ಹುಡುಗರು ಕಲ್ಲುಗುಡಿ ಹುಡುಕಲು ಹೋದೆವು. ಲಂಟಾನ ಹೇಗೆ ಬೆಳೆದಿದೆ ಅಂದರೆ, ಮಚ್ಚಿನಲ್ಲಿ ಸವರಿಕೊಂಡೇ ಮುಂದೆ ಹೋಗಬೇಕು. ಫೋನ್ ನಕ್ಷೆಯಲ್ಲಿ ಎಲ್ಲಾ ಬರೀ ಹಸಿರು, ಹಾದಿಯೇ ಇಲ್ಲ. ತಾತ ಒಂದು ಕಡೆ ನಿಂತು ಚಪ್ಪಲಿ ಬಿಟ್ಟರು. ಬರಿಗಾಲಲ್ಲಿ ತರಗೆಲೆ ಸರಿಸುತ್ತಾ ಸರಿಸುತ್ತಾ ಹೋಗಿ ‘ಇಲ್ಲೈತೆ’ ಅಂದರು. ಮೊಣಕಾಲೆತ್ತರವೂ ಇಲ್ಲದ ಕಲ್ಲುಗಳು, ಒಂದರ ಪಕ್ಕ ಒಂದು, ಪಾಚಿ ಹಿಡಿದಿವೆ. ಯಾವುದು ಯಾರದ್ದು ಅಂತ ಹೇಳುತ್ತಾ ಹೋದರು. ನಾನು ಜಿಪಿಎಸ್ ಗುರುತು ಹಾಕಲು ಫೋನ್ ತೆಗೆದೆ. ‘ಅದ ಒಳಕ್ಕಿಡು’ ಅಂದರು.

ತಾತನ ಭಯ ಇಷ್ಟೇ. ಇವತ್ತು ನಕ್ಷೆಯಲ್ಲಿ ಹಾಕಿದರೆ ನಾಳೆ ಯಾರಾದರೂ ಬರುತ್ತಾರೆ. ಫೋಟೋ ತೆಗೆಯುವವರು ಬರುತ್ತಾರೆ, ನಿಧಿ ಇದೆ ಅಂತ ಅಗೆಯುವವರೂ ಬರುತ್ತಾರೆ. ನಾವು ಪೂಜಿಸುವ ದೊಡ್ಡ ಸಂಪಿಗೆ ಮರದ ವಿಷಯ ಬಿಡಿ, ಅದು ಎಲ್ಲರಿಗೂ ಗೊತ್ತು. ಆದರೆ ಉಳಿದವು ನಮ್ಮ ಕುಲದವರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ. ನಮ್ಮ ತಮ್ಮಡಿಯೂ (ಪೂಜೆ ಮಾಡುವವರು) ತಾತನ ಕಡೆಯೇ. ನಾವು ಹುಡುಗರೋ, ಗುರುತು ಹಾಕದಿದ್ದರೆ ಸಾಕ್ಷಿ ಎಲ್ಲಿಂದ ತರೋದು ಅಂತ ಕೇಳುತ್ತಿದ್ದೇವೆ. ತಾತನ ವಯಸ್ಸಿನವರು ಪೋಡಿನಲ್ಲಿ ಇನ್ನೆಷ್ಟು ಜನ ಉಳಿದಿದ್ದಾರೆ?

ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಪ್ರತಿ ಜಾಗವನ್ನೂ ತೋರಿಸಲೇಬೇಕಾ?

ಬೆಟ್ಟದ ಅಕ್ಕ:

ತಮ್ಮಾ, ನಾನು ಮಲೆ ಮಹದೇಶ್ವರ ಬೆಟ್ಟದ ಕಡೆಯವಳು, ನಮ್ಮ ಪೋಡಿನ ಅರಣ್ಯ ಹಕ್ಕು ಸಮಿತಿಯಲ್ಲಿದ್ದೆ. ನಿಮ್ಮ ತಾತ ಹೇಳೋದರಲ್ಲಿ ತಪ್ಪಿಲ್ಲ. ಅರ್ಜಿಯ ಕಡತ ಒಂದು ಸಲ ಸರ್ಕಾರಕ್ಕೆ ಹೋದರೆ ಅದು ಯಾರ ಕೈಗೆ ಬೇಕಾದರೂ ಸಿಗಬಹುದು ಅಂತಲೇ ಇಟ್ಟುಕೊಳ್ಳಿ.

ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ ಹಾಕೋದು ನಮೂನೆ ಸಿ. ಅದಕ್ಕೆ ಮುಖ್ಯವಾಗಿ ಬೇಕಾದ್ದು ಗಡಿ. ಯಾವ ಹಳ್ಳದಿಂದ ಯಾವ ಗುಡ್ಡದವರೆಗೆ, ಪಕ್ಕದಲ್ಲಿ ಯಾವ ಪೋಡು, ಅದನ್ನು ಸರಿಯಾಗಿ ತೋರಿಸಿ. ಒಳಗಿನ ದೇವರ ಜಾಗ ಒಂದೊಂದಕ್ಕೂ ಚುಕ್ಕೆ ಇಟ್ಟು ಹೆಸರು ಬರೆಯಬೇಕಾಗಿಲ್ಲ. ನಾವು ‘ಈ ಹಳ್ಳದ ಪಡುವಲಿಗೆ ನಮ್ಮ ಹಿರಿಯರ ಕಲ್ಲುಗುಡಿ ಇದೆ’ ಅಂತ ಬರೆದು ಬಿಟ್ಟೆವು. ಎಲ್ಲಿ ಅಂತ ಕೇಳಿದರೆ ಸ್ಥಳ ತನಿಖೆಗೆ ಬಂದಾಗ ಹಿರಿಯರೇ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಸಾಕ್ಷಿಗೆ ಹೆದರಬೇಡಿ. ನಿಯಮದಲ್ಲೇ ಇದೆ, ಸಮಾಧಿ, ಪೂಜೆಯ ಜಾಗ, ಹಳೇ ಬಾವಿ, ಮನೆಯ ಗುರುತು ಎಲ್ಲಾ ನಡೆಯುತ್ತದೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ, ಆದರೆ ಆ ಹಿರಿಯರು ಅರ್ಜಿದಾರರಾಗಿರಬಾರದು. ಎರಡು ಬಗೆಯ ಸಾಕ್ಷಿ ಇರಲಿ. ಉಪಗ್ರಹದ ಚಿತ್ರದಲ್ಲಿ ಕಾಣಲ್ಲ ಅಂತ ಯಾರಾದರೂ ಅಂದರೆ, ಅದೊಂದನ್ನೇ ನೋಡಿ ತಳ್ಳಿಹಾಕುವ ಹಾಗಿಲ್ಲ.

ಇನ್ನೊಂದು ಮಾತು, ಬೇಜಾರಾಗಬೇಡ. ‘ನಾವು ಹುಡುಗರು ಹೋದೆವು’ ಅಂತ ಬರೆದಿದ್ದೀಯ. ಹೆಂಗಸರು ಯಾಕಿಲ್ಲ? ಗೆಣಸು ಎಲ್ಲಿ ಅಗೆಯುತ್ತಿದ್ದರು, ಸೊಪ್ಪು ಎಲ್ಲಿ, ಬೇಸಿಗೆಯಲ್ಲೂ ಬತ್ತದ ನೀರು ಎಲ್ಲಿ, ಇದೆಲ್ಲ ನಿಮ್ಮಜ್ಜಿಯಂಥವರಿಗೆ ಗೊತ್ತಿರುತ್ತದೆ. ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ಹೆಸರಿಗೆ ಮಾತ್ರ ಕೂರಿಸಬೇಡಿ.

ಹುಲಿಪ್ರೇಮಿ:

ನಾನು ವರ್ಷಕ್ಕೊಂದು ಸಲವಾದರೂ ಬಿಆರ್‌ಟಿಗೆ (ನಿಮ್ಮ ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡಿಗೆ) ಸಫಾರಿಗೆ ಬರುವವನು. ತಪ್ಪು ತಿಳಿಯಬೇಡಿ. ಎಲ್ಲರೂ ಹೀಗೆ ಕಾಡನ್ನು ಹಂಚಿಕೊಳ್ಳುತ್ತಾ ಹೋದರೆ ಹುಲಿಗೆ ಏನು ಉಳಿಯುತ್ತದೆ? ನಾಳೆ ಅದನ್ನೇ ರೆಸಾರ್ಟಿನವರಿಗೆ ಮಾರಿದರೆ?

ಪೋಡಿನ ಹುಡುಗ:

ಸರ್, ಮಾರಲು ಬರುವುದೇ ಇಲ್ಲ. ಕಾಯ್ದೆಯಲ್ಲೇ ಇದೆ, ಈ ಹಕ್ಕು ಬೇರೆಯವರಿಗೆ ವರ್ಗ ಆಗಲ್ಲ. ಸಮುದಾಯದ ಹಕ್ಕಿನಲ್ಲಿ ಕಾಡು ಕಾಡಾಗಿಯೇ ಇರುತ್ತದೆ. ಅದನ್ನು, ಅಲ್ಲಿನ ಪ್ರಾಣಿಗಳನ್ನು ಕಾಪಾಡುವ ಜವಾಬ್ದಾರಿಯೂ ಗ್ರಾಮಸಭೆಯದ್ದೇ.

ಹುಲಿಯ ಬಗ್ಗೆ ಕೇಳಿದಿರಿ. ನಮ್ಮವರು ಹುಲಿವೀರಪ್ಪನಿಗೆ ಕೈಮುಗಿಯುವವರು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶ ಆಯಿತಲ್ಲ, ನಾವು ಅದಕ್ಕೆ ಮುಂಚೆಯೂ ಇದ್ದೆವು, ಹುಲಿಯೂ ಇತ್ತು. ಈಗ ಕಾಡಿಗೆ ನಿಜವಾದ ಕಾಟ ಲಂಟಾನದ್ದು. ನಮ್ಮವರು ಬೇಸಿಗೆ ಶುರುವಿನಲ್ಲೇ ತರಗು ಬೆಂಕಿ ಹಾಕುತ್ತಿದ್ದರು. ಒಣಗಿದ ಎಲೆ ಮಾತ್ರ ಉರಿದು ಹೋಗುವಂಥ ಸಣ್ಣ ಬೆಂಕಿ. ಲಂಟಾನ ಮೊಳಕೆಯಲ್ಲೇ ಸಾಯುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಅನ್ನುವ ಬಂದಣಿಕೆಯೂ ಕಡಿಮೆ ಇರುತ್ತಿತ್ತು ಅಂತ ತಾತ ಹೇಳುತ್ತಾರೆ. ಅದನ್ನು ನಿಲ್ಲಿಸಿದ ಮೇಲೆ ಆಳೆತ್ತರದ ಪೊದೆ ಬೆಳೆದು, ಹತ್ತಿಕೊಂಡರೆ ಮರವೇ ಸುಡುವ ಬೆಂಕಿ ಆಗುತ್ತದೆ. ಆ ಪೊದೆ ಕೆಳಗೆ ಹುಲ್ಲು ಬರಲ್ಲ. ಹುಲ್ಲಿಲ್ಲದ ಕಡೆ ಜಿಂಕೆ ಏನು ತಿನ್ನಬೇಕು? ಮುಂದಿನ ಸಲ ಸಫಾರಿಗೆ ಬಂದಾಗ ಜೀಪಿನ ಎರಡೂ ಕಡೆ ನೋಡಿ ಸರ್, ಎಷ್ಟು ಲಂಟಾನ ಇದೆ ಅಂತ.

ಅಕ್ಕ, ಬೇಜಾರೇನಿಲ್ಲ. ನಿಮ್ಮ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ಅಜ್ಜಿಗೆ ಖುಷಿಯೋ ಖುಷಿ. ತಾತನಿಗೆ ಅಬ್ಬಿ ಅಂತ ಗೊತ್ತಿದ್ದದ್ದು ಒಂದು, ಅಜ್ಜಿ ಇನ್ನೂ ಎರಡು ಹೇಳಿದರು! ತಾತನೂ ಸ್ವಲ್ಪ ಬಗ್ಗಿದ್ದಾರೆ. ಗಡಿ ಹಾಕಿ, ಅಬ್ಬಿ ಹಾಕಿ, ಕಲ್ಲುಗುಡಿ ಮತ್ತೆ ವೀರು ಬೇಡ ಅಂದರು. ಆದರೆ ಪಡುವಲ ಕಡೆ ಪಕ್ಕದ ಪೋಡಿನವರ ಎಲ್ಲೆ ನಮ್ಮದರೊಳಗೆ ಬರುತ್ತದೆ. ಅವರೂ ನೆಂಟರೇ. ಜಗಳ ಆಗಬಾರದು.

ಹಳೇ ಗುಮಾಸ್ತ:

ಕಂದಾಯದ ಕಡತಗಳ ಜೊತೆಯೇ ಜೀವನ ಕಳೆದವನು ನಾನು, ಹಾಗಾಗಿ ಒಂದೆರಡು ಮಾತು.

ಪಕ್ಕದ ಪೋಡಿನವರ ವಿಷಯ ಮೊದಲು ಮುಗಿಸಿ. ಎರಡು ಗ್ರಾಮಸಭೆಗಳ ಗಡಿ ಒಂದರ ಮೇಲೊಂದು ಬಂದರೆ, ಎರಡೂ ಸಮಿತಿಯವರು ಒಟ್ಟಿಗೆ ಕೂತು ಮಾತಾಡಿ ಬರೆದುಕೊಡಬೇಕು ಅಂತ ನಿಯಮವೇ ಇದೆ. ನಿಮ್ಮ ಯಜಮಾನರು ಅವರ ಯಜಮಾನರ ಹತ್ತಿರ ಹೋಗಿ ಕೂತು ಬರಲಿ. ಅರ್ಜಿ ಹೋದ ಮೇಲೆ ಇದು ಎದ್ದರೆ ಕಡತ ಮೂಲೆಗೆ ಸೇರುತ್ತದೆ, ನಾನೇ ಎಷ್ಟೋ ನೋಡಿದ್ದೇನೆ.

ಗ್ರಾಮಸಭೆಯನ್ನು ಪೋಡಿನಲ್ಲೇ ಮಾಡಿ. ಇಡೀ ಪಂಚಾಯಿತಿಗೆ ಒಂದೇ ಸಭೆ ಸಾಕು ಅನ್ನುವವರಿರುತ್ತಾರೆ, ಒಪ್ಪಬೇಡಿ. ಅರ್ಧದಷ್ಟಾದರೂ ಸದಸ್ಯರು ಹಾಜರಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸ್ಥಳ ತನಿಖೆಯ ದಿನವನ್ನು ಅರಣ್ಯ ಇಲಾಖೆಗೆ ಬರಹದಲ್ಲಿ ಮುಂಚೆಯೇ ತಿಳಿಸಿ.

ಪೋಡಿನ ಹುಡುಗ:

ಸರಿ ಸರ್, ಈ ವಾರವೇ ಯಜಮಾನರಿಗೆ ಹೇಳುತ್ತೇನೆ. ಒಂದೇ ಒಂದು ಅನುಮಾನ ಉಳಿದಿದೆ. ತಾತನ ಹೇಳಿಕೆಯನ್ನು ಅವರು ಆಡಿದ ಹಾಗೇ ನಮ್ಮ ಸೋಲಿಗರ ಮಾತಿನಲ್ಲಿ ಬರೆಯಬಹುದಾ, ಇಲ್ಲ ಕಚೇರಿ ಕನ್ನಡಕ್ಕೆ ತಿರುಗಿಸಬೇಕಾ? ತಿರುಗಿಸಿ ಓದಿದರೆ ‘ಇದು ನಾನಾಡಿದ್ದಲ್ಲ’ ಅನ್ನುತ್ತಾರೆ.

ಬೆಟ್ಟದ ಅಕ್ಕ:

ಅವರು ಆಡಿದ ಹಾಗೇ ಬರಿ. ಕೆಳಗೆ ಕಚೇರಿ ಕನ್ನಡದಲ್ಲಿ ಸಾರಾಂಶ ಕೊಡು. ಸಭೆಯಲ್ಲಿ ಎರಡನ್ನೂ ಗಟ್ಟಿಯಾಗಿ ಓದಿಸಿ, ಆಮೇಲೆ ಹೆಬ್ಬೆಟ್ಟು ಹಾಕಿಸು. ಕೊಡುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಹಾಕಿಸಿ ಸೀಲು ಒತ್ತಿಸಿಕೊಂಡೇ ವಾಪಸ್ ಬಾ. ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ ಅಂದರೆ ಅಲ್ಲೇ ಕೂತಿರು.