ಲಿಂಗನಮಕ್ಕಿ ಕಟ್ಟಿದ್ದು ದೊಡ್ಡಪ್ಪ ಅಲ್ಲ

ದೊಡ್ಡಪ್ಪ ತೀರಿಕೊಂಡ ಸುದ್ದಿಯನ್ನು ಪೇಪರಿನಲ್ಲಿ ಹೇಗೆ ಹಾಕಬೇಕು ಅಂತ ನಿನ್ನೆ ನಮ್ಮ ಮನೆ ಗುಂಪಿನಲ್ಲಿ ನಡೆದದ್ದು ಇದು. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆಯೇ ಇವೆ. ಅಕ್ಕ ದೊಡ್ಡಪ್ಪನ ಮಗಳು, ಬೆಂಗಳೂರು ಭಾವ ಅವಳ ಗಂಡ. ಸಾಗರ ಅತ್ತೆ ದೊಡ್ಡಪ್ಪನ ತಂಗಿ. ತುಮರಿ ಮಾವ ದೊಡ್ಡಮ್ಮನ ತಮ್ಮ; ಅವರು ಭಾವ ಅನ್ನುವುದು ದೊಡ್ಡಪ್ಪನನ್ನು, ಅಕ್ಕ ಅನ್ನುವುದು ದೊಡ್ಡಮ್ಮನನ್ನು. ‘ಶುಭೋದಯ’, ಕೈಮುಗಿದ ಚಿತ್ರ, ತಪ್ಪಿ ಬಂದ ಅಡುಗೆ ವಿಡಿಯೋ ಎಲ್ಲ ತೆಗೆದಿದ್ದೇನೆ.

*ಬೆಂಗಳೂರು ಭಾವ:* ಎಲ್ಲರೂ ನೋಡಿ. ಪೇಪರಿಗೆ ಇದನ್ನೇ ಕೊಡುವುದು. ಐದು ಗಂಟೆಯೊಳಗೆ ಕಳಿಸಬೇಕು.
“ನಾಡಿಗೆ ಬೆಳಕು ನೀಡಿದ ಮಹಾನ್ ಚೇತನ, ಲಿಂಗನಮಕ್ಕಿ ಅಣೆಕಟ್ಟೆಯ ನಿರ್ಮಾತೃ, ನಿವೃತ್ತ ಇಂಜಿನಿಯರ್, ಕುಟುಂಬವತ್ಸಲರಾದ ನಮ್ಮ ಪೂಜ್ಯರು ದೈವಾಧೀನರಾಗಿದ್ದಾರೆ.”
ಜೊತೆಗೆ ಈ ಡ್ಯಾಮಿನ ಫೋಟೋ.

*ಸಾಗರ ಅತ್ತೆ:* ಓದಿ ಕಣ್ಣು ತುಂಬಿ ಬಂತು. ಅಣ್ಣನಿಗೆ ತಕ್ಕ ಮಾತು.

*ತುಮರಿ ಮಾವ:* ಅಳಿಯಂದಿರೇ, ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಭಾವ ಆಗಿನ್ನೂ ದಾವಣಗೆರೆಯಲ್ಲಿ ಓದುತ್ತಿದ್ದರು. ಹಾಸ್ಟೆಲಿನಲ್ಲಿ ಕೂತು ಡ್ಯಾಮ್ ಕಟ್ಟಿದರಾ?

*ಪುಟ್ಟ ಟೆಕ್ಸಾಸ್:* ಅಪ್ಪ, ಫೋಟೋ ಕೆಆರ್‌ಎಸ್‌ದು. ಮುಂದೆ ಬೃಂದಾವನದ ಕಾರಂಜಿ ಕಾಣುತ್ತಿದೆ ನೋಡಿ.

*ಬೆಂಗಳೂರು ಭಾವ:* ಫೋಟೋ ಬದಲಾಯಿಸೋಣ. ಆದರೆ ಮಾವ, ಶರಾವತಿ ಅಂದರೆ ಜನಕ್ಕೆ ಗೊತ್ತಿರುವುದು ಲಿಂಗನಮಕ್ಕಿ ಒಂದೇ. ಪೆನ್‌ಸ್ಟಾಕು, ಟರ್ಬೈನು ಅಂತೆಲ್ಲ ಶ್ರದ್ಧಾಂಜಲಿಯಲ್ಲಿ ಬರೆಯೋಕಾಗುತ್ತಾ? ಇಸವಿ ಯಾರು ನೋಡ್ತಾರೆ?

*ತುಮರಿ ಮಾವ:* ನಮ್ಮ ಕಡೆಯವರು ನೋಡುತ್ತಾರೆ. 1964 ಅನ್ನುವುದು ಕರೂರು ಸೀಮೆಯಲ್ಲಿ ಯಾರೂ ಮರೆಯುವ ಇಸವಿ ಅಲ್ಲ. ನಮ್ಮ ಮನೆ, ಅಡಿಕೆ ತೋಟ, ಬಾವಿ ಎಲ್ಲ ಆ ನೀರಿನ ಅಡಿಯಲ್ಲಿದೆ. ಕಟ್ಟಿದ್ದು ಅವರೇ ಅಂತ ಪೇಪರಿನಲ್ಲಿ ಹಾಕಿದರೆ ನಮ್ಮನ್ನು ಮುಳುಗಿಸಿದ್ದೂ ಅವರೇ ಆಗುತ್ತಾರೆ. ಮಾಡದ ಕೆಲಸದ ಶಾಪ ಅವರಿಗೆ ಯಾಕೆ?

*ಸಾಗರ ಅತ್ತೆ:* ಸೂತಕದ ಮನೆಯಲ್ಲಿ ಶಾಪ ಗೀಪ ಅನ್ನಬೇಡಿ.

*ತುಮರಿ ಮಾವ:* ಬೆಳಕು ನೀಡಿದ ಅನ್ನುವುದೂ ಅಷ್ಟೇ. ಹಿನ್ನೀರಿನ ಆಚೆಗೆ ಆ ಬೆಳಕು ಎಷ್ಟು ತಡವಾಗಿ ಬಂತು ಅಂತ ನಿಮ್ಮ ಅತ್ತೆಯನ್ನೇ ಕೇಳಿ. ಸೇತುವೆ ಆಗಿದ್ದು 2025ರಲ್ಲಿ. ಅಲ್ಲಿವರೆಗೆ ಹೆರಿಗೆಗೂ ಹೆಣಕ್ಕೂ ಲಾಂಚೇ ಗತಿ. ಎಷ್ಟೋ ಮನೆಯವರು ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿದ್ದಾರೆ.

*ಬೆಂಗಳೂರು ಭಾವ:* ಅದು ಸರ್ಕಾರದ ವಿಷಯ. ಇದು ನಾಲ್ಕು ಸಾಲಿನ ಜಾಹೀರಾತು.

*ನಾನು:* ಭಾವ, ನಾಲ್ಕೇ ಸಾಲು ಇರುವುದರಿಂದಲೇ ಸರಿ ಇರಲಿ ಅನ್ನುವುದು. ಕಟ್ಟಿದವರಿಗೆ ಶಿಲಾಫಲಕ ಇರುತ್ತದೆ. ನಡೆಸಿದವರಿಗೆ ಏನಿದೆ? ಲಿಂಗನಮಕ್ಕಿ ನೀರು ಕಾಲುವೆಯಲ್ಲಿ ತಳಕಳಲೆಗೆ ಬಂದು, ಅಲ್ಲಿಂದ ಘಟ್ಟದ ಕೆಳಗೆ ಇಳಿದು ಪವರ್ ಹೌಸ್ ಸೇರುತ್ತದೆ. ಅಲ್ಲಿ ಹತ್ತು ಯಂತ್ರ, ಒಟ್ಟು 1035 ಮೆಗಾವ್ಯಾಟ್. ದೊಡ್ಡಪ್ಪನ ನೌಕರಿಯ ಅರ್ಧ ಭಾಗ ಆ ಯಂತ್ರಗಳ ಮುಂದೆ ಕಳೆದಿದೆ. ನೀರಿನ ಹೊಡೆತಕ್ಕೆ ತಿರುಗುವ ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ನೀರು ಗುಂಡಿನ ಹಾಗೆ ಹೊಡೆಯುತ್ತದೆ, ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಂಡುಹಿಡಿಯಬೇಕು ಅನ್ನುತ್ತಿದ್ದರು. ಯಂತ್ರ ನಿಲ್ಲಿಸಿ, ಒಳಗೆ ಇಳಿದು, ಟಾರ್ಚ್ ಹಿಡಿದು ಒಂದೊಂದೇ ಬಟ್ಟಲು ನೋಡುವ ಕೆಲಸ. ಅದನ್ನು ಬಿಟ್ಟು ಅವರು ಮಾಡದೇ ಇದ್ದದ್ದನ್ನು ಯಾಕೆ ಹಾಕಬೇಕು?

*ಪುಟ್ಟ ಟೆಕ್ಸಾಸ್:* ಇದೆಲ್ಲ ಅಜ್ಜ ನನಗೆ ಹೇಳಿರಲಿಲ್ಲ. ವಿಡಿಯೋ ಕಾಲಿನಲ್ಲಿ ಬರೀ ಟ್ರಿಗ್ನಾಮೆಟ್ರಿ.

*ಅಕ್ಕ:* ಈಗ ಫೋನ್ ನೋಡಿದೆ. ಲಿಂಗನಮಕ್ಕಿ ತೆಗೀರಿ. ಕುಟುಂಬವತ್ಸಲ ಅನ್ನುವುದನ್ನೂ ತೆಗೀರಿ.

*ಸಾಗರ ಅತ್ತೆ:* ಅದ್ಯಾಕೆ? ಅಣ್ಣನಂಥ ಸಂಸಾರವಂದಿಗ ಇನ್ನೊಬ್ಬ ಇಲ್ಲ.

*ಅಕ್ಕ:* ಅತ್ತೆ, ನೀವು ಕಂಡಿದ್ದು ಹಬ್ಬಕ್ಕೆ ಬರುವ ಅಪ್ಪನನ್ನು. ಪವರ್ ಹೌಸ್ ಕಾಲೊನಿಯಲ್ಲಿ ನಾವು ಕಂಡಿದ್ದೇ ಬೇರೆ. ಕಾರ್ಗಲ್, ಆಮೇಲೆ ಅಂಬಿಕಾನಗರ. ಥರ್ಮಲ್ ಘಟಕ ಶುರು ಮಾಡಲು ಗಂಟೆಗಟ್ಟಲೆ ಬೇಕು, ನೀರಿನದಕ್ಕೆ ಕೆಲವೇ ನಿಮಿಷ ಸಾಕು. ಅದಕ್ಕೇ ಸಂಜೆ ಊರೆಲ್ಲ ದೀಪ ಹಾಕುವ ಹೊತ್ತಿಗೆ ಇವರ ಯಂತ್ರ ಓಡಲೇಬೇಕು. ಅಂದರೆ ನಾವು ಊಟಕ್ಕೆ ಕೂರುವ ಹೊತ್ತಿಗೆ ಅಪ್ಪ ಮನೆಯಲ್ಲಿ ಇಲ್ಲ. ಮಳೆಗಾಲದಲ್ಲಿ ಕೇಳಲೇಬೇಡಿ. ನನ್ನ ಮದುವೆ ದಿನ ಯುನಿಟ್ ಟ್ರಿಪ್ ಆಯಿತು, ಯಂತ್ರ ನಿಂತುಹೋಯಿತು ಅಂತ ಜೀಪ್ ಬಂತು. ಧಾರೆ ಎರೆದವರು ಊಟ ಕೂಡ ಮಾಡದೆ ಹೊರಟರು.

*ಬೆಂಗಳೂರು ಭಾವ:* ಅದು ನನ್ನ ಮದುವೆಯೂ ಹೌದು. ನಾನೇನು ಬೇಜಾರು ಮಾಡಿಕೊಂಡಿಲ್ಲ.

*ಅಕ್ಕ:* ನಿಮಗೇನು, ನಿಮ್ಮ ಅಪ್ಪ ಪಂಕ್ತಿಯಲ್ಲೇ ಇದ್ದರು.

*ತುಮರಿ ಮಾವ:* ಈಗ ನಾನು ಭಾವನ ಪರ ಮಾತಾಡಬೇಕಾಯಿತು ನೋಡಿ. ರಿಟೈರ್ ಆದ ಮೇಲೆ ಅವರು ಮನೆ ನಡೆಸಿದ್ದನ್ನೂ ಹೇಳಮ್ಮ. ಅಕ್ಕನ ಮಂಡಿ ಆಪರೇಷನ್ ಆದಾಗ ಅಡುಗೆ ಮಾಡಿದ್ದು ಯಾರು?

*ಅಕ್ಕ:* ಅಪ್ಪನೇ. ಅದನ್ನು ನಾನು ಇಲ್ಲ ಅನ್ನುತ್ತಿಲ್ಲ. ಅಮ್ಮನ ಮಾತ್ರೆಗೆ ಒಂದು ಲಾಗ್ ಶೀಟ್ ಮಾಡಿದ್ದರು. ಗಂಟೆ, ಬಿಪಿ, ಶುಗರ್, ಕೊನೆಯಲ್ಲಿ ಸಹಿ. ನಾನು ಊರಿಗೆ ಹೋದರೆ ನನ್ನಿಂದಲೂ ಸಹಿ ಹಾಕಿಸುತ್ತಿದ್ದರು, ಶಿಫ್ಟ್ ಬದಲಾಗಿದೆ ಅಂತ. ಅಮ್ಮನಿಗೆ ಕೋಪ ಬರುತ್ತಿತ್ತು, “ನಾನೇನು ನಿಮ್ಮ ಜನರೇಟರಾ?” ಅಂತ.

*ಪುಟ್ಟ ಟೆಕ್ಸಾಸ್:* 😂 ಆ ಪುಸ್ತಕ ನನಗೆ ಬೇಕು.

*ಅಕ್ಕ:* ಕೊಡುತ್ತೇನೆ. ಹಿಂದಿನ ಹಾಳೆಗಳಲ್ಲಿ ಲಿಂಗನಮಕ್ಕಿ ನೀರಿನ ಮಟ್ಟವೂ ಇದೆ. ಪೇಪರ್ ನೋಡಿ ಬರೆದುಕೊಳ್ಳುತ್ತಿದ್ದರು. 1819 ಅಡಿಗೆ ಬಂದರೆ ಪೂರ್ತಿ ಭರ್ತಿ, ಅವತ್ತು ಮನೆಯಲ್ಲಿ ಪಾಯಸ.

*ತುಮರಿ ಮಾವ:* ಆ ಪಾಯಸವನ್ನು ನಾನೂ ತಿಂದಿದ್ದೇನೆ. ನಮ್ಮ ಮನೆ ಮುಳುಗಿದ್ದಕ್ಕೆ ಪಾಯಸವಾ ಅಂತ ಕೇಳಿದ್ದೆ. ಭಾವ ಏನೂ ಹೇಳಲಿಲ್ಲ. ಆಮೇಲೆ ನನ್ನ ಎದುರು ಮಾತ್ರ ಆ ಮಾತು ಎತ್ತುತ್ತಿರಲಿಲ್ಲ.

ಇಲ್ಲಿ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿಗೆ ಅದು ದೊಡ್ಡ ವಿಷಯ.

*ಬೆಂಗಳೂರು ಭಾವ:* ನಾಲ್ಕೂವರೆ ಆಯಿತು. ಏನು ಹಾಕಲಿ, ಒಬ್ಬರು ಹೇಳಿ.

*ಅಕ್ಕ:* ಅಮ್ಮನಿಗೆ ಓದಿ ಹೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: “ಕಟ್ಟಿದರು ಅಂತ ಹಾಕಬೇಡಿ, ಅವರಿಗೇ ನಾಚಿಕೆ ಆಗುತ್ತದೆ. ಶರಾವತಿ, ಕಾಳಿ, ವಾರಾಹಿ ಪವರ್ ಹೌಸುಗಳಲ್ಲಿ ಕೆಲಸ ಮಾಡಿದವರು ಅಂತ ಹಾಕಿ. ಕುಟುಂಬವತ್ಸಲ ಇರಲಿ. ನಿನಗೆ ಅಪ್ಪ ಸಿಗಲಿಲ್ಲ, ಆದರೆ ಕೊನೆಗೆ ನನಗೆ ಗಂಡ ಸಿಕ್ಕಿದ.”

*ತುಮರಿ ಮಾವ:* ಅಕ್ಕ ಹೇಳಿದ ಮೇಲೆ ಮುಗಿಯಿತು.

*ಬೆಂಗಳೂರು ಭಾವ:* ವಾರಾಹಿ ಸೇರಿದರೆ ಐದನೇ ಸಾಲಿಗೆ ಹೋಗುತ್ತದೆ. ರೇಟು ಜಾಸ್ತಿ.

*ನಾನು:* ‘ನಾಡಿಗೆ ಬೆಳಕು ನೀಡಿದ ಮಹಾನ್ ಚೇತನ’ ತೆಗೆದರೆ ಜಾಗ ಸಿಗುತ್ತದೆ.

*ಸಾಗರ ಅತ್ತೆ:* ಚೇತನ ಇರಲಿ. ಪೇಪರಿನಲ್ಲಿ ಎಲ್ಲರಿಗೂ ಹಾಕುತ್ತಾರೆ.

*ತುಮರಿ ಮಾವ:* ಚೇತನ ಬೇಡ, ವಾರಾಹಿ ಬೇಕು. ನೆಲದೊಳಗೆ ಕೊರೆದ ಪವರ್ ಹೌಸ್ ಅದು. ಅದರಲ್ಲಿ ಕೆಲಸ ಮಾಡಿದ್ದು ಭಾವನಿಗೆ ಬಹಳ ಹೆಮ್ಮೆ. ಹೆಚ್ಚಿಗೆ ಸಾಲಿನ ದುಡ್ಡು ನಾನು ಕೊಡುತ್ತೇನೆ.

*ಬೆಂಗಳೂರು ಭಾವ:* ದುಡ್ಡಿನ ಮಾತಲ್ಲ ಮಾವ. ಸರಿ, ಚೇತನ ತೆಗೆದೆ. ಡ್ಯಾಮಿನ ಫೋಟೋ ಬದಲು ಅವರದೇ ಫೋಟೋ, ಹೆಲ್ಮೆಟ್ ಹಾಕಿದ್ದು. ಕಳಿಸಿದೆ. ಇನ್ನು ಯಾರೂ ಏನೂ ಹೇಳಬೇಡಿ.

*ಸಾಗರ ಅತ್ತೆ:* ದುಃಖತಪ್ತರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲವಲ್ಲ?